ಏವಿಸ್‌ಗೊಂದು ಕಾರ್ಡು

ಇದನ್ನು ಹೇಳಲು ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದೆಯೇ ಹೇಳಲು ಹೊರಟಿದ್ದೇನೆ, ಮನ್ನಿಸಬೇಕು. ನೋಲಾ ತಾನಾಗಿ ಹೇಳಿದ್ದು ಒಂದಿಷ್ಟು, ನಾನೇ ಕಂಡದ್ದು ಒಂದಿಷ್ಟು. ಉಳಿದದ್ದು, ಹನ್ನೊಂದು ವರ್ಷ ಪ್ರತಿ ಗುರುವಾರ ಒಂದೇ ಮೇಜಿನ ಸುತ್ತ ಕೂತು ಕಾಗದ ಕತ್ತರಿಸಿದವರಿಗೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಕೇಳದೆಯೇ ಗೊತ್ತಾಗುವಂಥದ್ದು. ಹಾಗೆ ಗೊತ್ತಾದದ್ದೆಲ್ಲ ನಿಜವೇ ಎಂದು ಆಣೆ ಮಾಡಿ ಹೇಳಲಾರೆ. ಇದರಲ್ಲಿ ಹೇಳಿಕೊಳ್ಳುವಂಥ ಘಟನೆಯೂ ಇಲ್ಲ. ಒಬ್ಬ ಹೆಂಗಸು ತನ್ನ ಗೆಳತಿಗೆ ಒಂದು ಕಾರ್ಡು ಮಾಡಲು ಹೊರಟಳು, ಅದು ಸರಿಬರಲಿಲ್ಲ.

ನವೆಂಬರಿನ ಆ ಗುರುವಾರ ಬೆಳಗಿನ ಏಳಕ್ಕೇ ಬಡಗಣ ಬಿಸಿಗಾಳಿ ಎದ್ದಿತ್ತು. ಧಾನ್ಯದ ಕಣಜಗಳ ಕಡೆಯಿಂದ ಹೊಟ್ಟನ್ನೂ ಧೂಳನ್ನೂ ಹೊತ್ತು ತಂದು ದಕ್ಷಿಣ ಆಸ್ಟ್ರೇಲಿಯದ ನಮ್ಮ ಕಡಲೂರು ವಾಲರೂದ ಬೀದಿಗಳಿಗೆ ಎರಚುತ್ತಿತ್ತು. ನೋಲಾ ಟ್ರೆಜೀಸ್ ಅಡುಗೆಮನೆಯ ಕಿಟಕಿಯ ಚಿಲಕವನ್ನು ಎರಡನೆಯ ಸಲ ಎಳೆದು ನೋಡಿ, ಮೇಜಿನ ಮೇಲಿದ್ದ ಕಾರ್ಡನ್ನು ಮುಟ್ಟದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ನೋಡಿದಳು. ಅದರ ಮುದ್ರೆಯ ಅರಗು ಮೆತ್ತಗಾಗಿದೆಯೇ ಎಂದು ಬೆರಳಿನಿಂದ ಒತ್ತಿನೋಡುವ ಆಸೆಯಾಯಿತು. ಒತ್ತಿದರೆ ಬೆರಳಿನ ಗುರುತು ಬೀಳುತ್ತದೆ, ಒತ್ತದಿದ್ದರೆ ಹತ್ತು ಗಂಟೆಯವರೆಗೂ ಇದೇ ಚಿಂತೆ. ಒತ್ತಿದಳು. ಗುರುತು ಬಿತ್ತು. ದಪ್ಪ ಕೆನೆಬಣ್ಣದ ಕಾಗದ, ಅದರ ಮುಖಕ್ಕೂ ಒಳಗಿನ ಪುಟಕ್ಕೂ ಟ್ರೇಸಿಂಗ್ ಕಾಗದದಂಥ ಮಂಜು ಹಾಳೆ, ಮುಖದ ಮೇಲೆ ತೆಳು ಮರದಲ್ಲಿ ಕತ್ತರಿಸಿದ ಮೂರು ನೀಲಗಿರಿ ಎಲೆ, ಕೆಳಗಿನ ಅಂಚಿಗೆ ಸಣ್ಣ ಕಪ್ಪೆಚಿಪ್ಪುಗಳು, ಸುತ್ತ ನಾರಿನ ರಿಬ್ಬನ್ನು, ರಿಬ್ಬನ್ನಿನ ಗಂಟಿನ ಮೇಲೆ ನೇರಳೆ ಅರಗಿನ ಮುದ್ರೆ. ಒಂದು ಕಾರ್ಡಿಗೆ ಇಷ್ಟು ತೂಕ ಇರಬಾರದು ಎಂದು ಅವಳಿಗೆ ಮೂರು ದಿನದಿಂದ ಅನ್ನಿಸುತ್ತಿತ್ತು. ಕೈಯಲ್ಲಿ ಹಿಡಿದರೆ ಬಿಸ್ಕತ್ತಿನ ಪೊಟ್ಟಣ ಹಿಡಿದ ಹಾಗಿತ್ತು. ಸಾವಿನ ಮನೆಗೆ ಹೋಗಬೇಕಾದ ಕಾರ್ಡು ಹೀಗೆ ಸಿಂಗರಿಸಿಕೊಂಡು ಕೂತಿರುವುದನ್ನು ನೋಡಿದರೆ ಅದನ್ನು ಮಾಡಿದವಳ ಮೇಲೇ ಸಿಟ್ಟು ಬರುತ್ತಿತ್ತು.

ಎಲೆಗಳು ಆನ್‌ಲೈನ್ ಅಂಗಡಿಯ ಚಿತ್ರದಲ್ಲಿ ಉಗುರಿನಷ್ಟು ಕಂಡಿದ್ದವು. ಬಂದಾಗ ಅಂಗೈಯಷ್ಟಿದ್ದವು, ಒಂದು ಚೀಲಕ್ಕೆ ನಲವತ್ತು. ಅಡುಗೆ ಕತ್ತರಿಯಲ್ಲಿ ಕತ್ತರಿಸಲು ಹೋಗಿ ಹನ್ನೆರಡು ಸೀಳಿದವು. ಅಕ್ಷರ ಕತ್ತರಿಸುವ ಉಕ್ಕಿನ ಅಚ್ಚು ಎಷ್ಟು ನಾಜೂಕಾಗಿತ್ತೆಂದರೆ ಕತ್ತರಿಸಿದ ಅಕ್ಷರಗಳು ಅಚ್ಚಿನೊಳಗೇ ಸಿಕ್ಕಿಕೊಂಡು, ಸೂಜಿಯಿಂದ ಎಬ್ಬಿಸುವಾಗ ಒಂದೊಂದೂ ಹರಿಯಿತು. ಆ ಅಚ್ಚನ್ನು ಒತ್ತಲು ಪಕ್ಕದೂರು ಕಡೀನಾದ ಯಾರದೋ ಮನೆಯಿಂದ ತಂದ ಹಳೆಯ ಯಂತ್ರ ಹೊಲಿಗೆ ಯಂತ್ರಕ್ಕಿಂತ ಭಾರ, ಅದರ ಜೊತೆ ಬಂದ ಹಲಗೆಗಳು ಬೇರೆ ಯಾವುದೋ ಯಂತ್ರದವು. ಅರಗಿನ ಮುದ್ರೆಯಲ್ಲಿ ಜರೀಗಿಡದ ಗರಿ ಇರಬೇಕಾಗಿತ್ತು. ಡಬ್ಬಿ ತೆರೆದರೆ ಜೇನುಹುಳು. ಗಂಡ ಸತ್ತವಳಿಗೆ ಜೇನುಹುಳು ಕಳಿಸುವುದು ಹೇಗೆ ಎಂದು, ಹಳೆಯ ಕೋಟಿನ ಗುಂಡಿಯೊಂದನ್ನು ಕಿತ್ತು ಅದನ್ನೇ ಒತ್ತಿದಳು. ಬಿಸಿಗಾಳಿ ಊದುವ ಬಂದೂಕಿನಂಥ ಉಪಕರಣ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಯಾತಕ್ಕೆ ಕೊಂಡೆನೆಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿದರೂ ನೆನಪಾಗಲಿಲ್ಲ. ಕೊಳ್ಳುವ ಮುಂಚಿನ ಆ ಎರಡು ನಿಮಿಷಗಳಲ್ಲಿ ಮಾತ್ರ ಎಲ್ಲವೂ ಸ್ಪಷ್ಟವಾಗಿರುತ್ತಿತ್ತು. ಫೋನಿನ ಪರದೆಯ ಮೇಲೆ ಬೆರಳು ಇನ್ನೂ ಗಾಳಿಯಲ್ಲಿರುವಾಗ ಅವಳಿಗೆ ಕಾರ್ಡು ಪೂರ್ತಿಯಾಗಿ ಕಾಣುತ್ತಿತ್ತು. ಏವಿಸ್ ಅದನ್ನು ಬಿಚ್ಚುತ್ತಿದ್ದಳು, ಓದುತ್ತಿದ್ದಳು, ಕಣ್ಣೊರೆಸಿಕೊಂಡು ತಲೆಯಾಡಿಸುತ್ತಿದ್ದಳು. ಬೆರಳು ಪರದೆಗೆ ತಗುಲಿದ ಕ್ಷಣವೇ ಆ ಏವಿಸ್ ಮಾಯ. ಉಳಿಯುತ್ತಿದ್ದುದು, ನಿಮ್ಮ ಸಾಮಾನು ಹೊರಟಿದೆ ಎಂಬ ಒಂದು ಸಾಲು.

ಇನ್ನು ಮೂರು ಗಂಟೆಯಲ್ಲಿ ನಿಜವಾದ ಏವಿಸ್ ಬರುತ್ತಾಳೆ. ಗಂಡ ಮರ್ವ್ ತೀರಿಹೋಗಿ ಹನ್ನೊಂದು ವಾರವಾದ ಮೇಲೆ ಅವಳು ನಮ್ಮ ಗುರುವಾರದ ಕಾರ್ಡು ಸಂಘಕ್ಕೆ ಬರುತ್ತಿರುವುದು ಇದೇ ಮೊದಲು. ಸಂಘದ ಯಜಮಾನಿ ಗ್ವೆಂಡಾ ಸೋಮವಾರವೇ ಎಲ್ಲರಿಗೂ ಫೋನು ಮಾಡಿ, "ಯಾರೂ ಅಳಬೇಡಿ, ಯಾರೂ ಉಪದೇಶ ಮಾಡಬೇಡಿ, ತಿಂಡಿ ಮಾತ್ರ ತನ್ನಿ" ಎಂದು ಹೇಳಿದ್ದಳು. ಅಷ್ಟರೊಳಗೆ ಕಾರ್ಡು ಏವಿಸ್‌ಳ ಕೈ ಸೇರಿರಬೇಕಿತ್ತು. ಅದು ಬರೀ ಸಂತಾಪದ ಕಾರ್ಡಾಗಿದ್ದರೆ ನೋಲಾ ಹನ್ನೊಂದು ವಾರ ತೆಗೆದುಕೊಳ್ಳುತ್ತಿರಲಿಲ್ಲ. ಒಳಗಿನ ಮಂಜು ಹಾಳೆಯ ಮೇಲೆ ಬಂಗಾರದ ಶಾಯಿಯಲ್ಲಿ ಅವಳು ಮೂರು ಸಾಲು ಬರೆದಿದ್ದಳು. ಆ ಮಂಗಳವಾರ ನಾನು ಮನೆಯಲ್ಲೇ ಇದ್ದೆ. ಬಾಗಿಲು ತೆಗೆಯಲಿಲ್ಲ. ಕ್ಷಮಿಸು.

ಆ ಮಂಗಳವಾರ ಚಳಿಯಿತ್ತು, ಆಗಸ್ಟ್ ತಿಂಗಳು, ನಮ್ಮಲ್ಲಿ ಚಳಿಗಾಲ. ಮುಂದಿನ ಕೋಣೆಯ ನೆಲದ ಮೇಲೆ ಅವಳು ಮಂಡಿಯೂರಿ ಕೂತಿದ್ದಳು, ಬೆನ್ನಿಗೆ ಹೀಟರಿನ ಶಾಖ. ಸುತ್ತ ಬಿಚ್ಚಿದ ಪಾರ್ಸೆಲಿನ ಕಾಗದ, ಗುಳ್ಳೆಗಳ ಪ್ಲಾಸ್ಟಿಕ್ಕು, ಇಪ್ಪತ್ತನಾಲ್ಕು ಪುಟಾಣಿ ಶೀಶೆಗಳಲ್ಲಿ ಮಿನುಗುಪುಡಿ, ಬಣ್ಣಬಣ್ಣದ ರಿಬ್ಬನ್ನಿನ ಸುರುಳಿಗಳು. ಒಂದು ಶೀಶೆಯ ಮುಚ್ಚಳ ದಾರಿಯಲ್ಲೇ ಸಡಿಲವಾಗಿ ಬಂಗಾರದ ಪುಡಿ ಎಲ್ಲದರ ಮೇಲೂ ಕೂತಿತ್ತು, ಅವಳ ಕೈಮೇಲೂ, ಮಂಡಿಯ ಮೇಲೂ, ನೆಲಹಾಸಿನ ಎಳೆಗಳೊಳಗೂ. ಆಗ ಬಾಗಿಲು ತಟ್ಟಿದ ಸದ್ದು. ಮೂರು ಸಲ, ನಿಂತು, ಮತ್ತೆ ಎರಡು ಸಲ. ಬಾಗಿಲಿನ ಮಸುಕು ಗಾಜಿನಲ್ಲಿ ಕೆಂಪು ಸ್ವೆಟರಿನ ಆಕಾರ ಅಲುಗಿತು. "ನೋಲಾ, ಇದೀಯೇನೇ?" ಇದ್ದಳು. ಏಳಬೇಕೆಂದು ಒಂದು ಕೈಯನ್ನು ನೆಲಕ್ಕೆ ಊರಿಯೂ ಇದ್ದಳು. ಆದರೆ ಬಾಗಿಲು ತೆಗೆದರೆ ಏವಿಸ್ ಒಳಗೆ ಬರುತ್ತಾಳೆ, ಒಳಗೆ ಬಂದರೆ ನೋಡುತ್ತಾಳೆ. ಜನವರಿಯಲ್ಲಿ ಗ್ವೆಂಡಾ ಎಲ್ಲರ ಕೈಲೂ ಸಹಿ ಹಾಕಿಸಿದ್ದ ಹಾಳೆ ಸಂಘ ಸೇರುವ ಸಭಾಂಗಣದ ಬೀರುವಿನ ಬಾಗಿಲಿಗೆ ಅಂಟಿಕೊಂಡಿತ್ತು: ಇದು ಕೊಳ್ಳದ ವರ್ಷ, ಮನೆಯಲ್ಲಿರುವುದನ್ನು ಮುಗಿಸದೆ ಹೊಸದನ್ನು ತರುವುದಿಲ್ಲ. ಇಬ್ಬಿಬ್ಬರ ಜೋಡಿ, ಒಬ್ಬಳ ಮೇಲೆ ಇನ್ನೊಬ್ಬಳ ಕಣ್ಣು. ನೋಲಾಳ ಜೋಡಿ ಏವಿಸ್. ಗಂಡ ಹಾಸಿಗೆ ಹಿಡಿದಿದ್ದರೂ ಏವಿಸ್ ತಪ್ಪದೆ ಕೇಳುತ್ತಿದ್ದಳು, "ಏನೂ ತಂದಿಲ್ಲ ತಾನೇ? ಕಣ್ಣಲ್ಲಿ ಕಣ್ಣಿಟ್ಟು ಹೇಳು ನೋಡೋಣ." ನೋಲಾ ಕಣ್ಣಲ್ಲಿ ಕಣ್ಣಿಟ್ಟೇ ಹೇಳುತ್ತಿದ್ದಳು.

ಅವಳು ಉಸಿರು ಬಿಗಿಹಿಡಿದು ಕೂತಳು. ಅರವತ್ತಮೂರು ವರ್ಷದ ಹೆಂಗಸು, ಶಾಲೆಯ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಬೇರೆಯವರ ಮಕ್ಕಳ ಸುಳ್ಳು ಹಿಡಿದವಳು, ತನ್ನದೇ ಮನೆಯ ನೆಲದ ಮೇಲೆ ಕಳ್ಳಿಯ ಹಾಗೆ. ಎರಡೇ ನಿಮಿಷ, ಇದನ್ನೆಲ್ಲ ಎತ್ತಿಟ್ಟು ನಾನೇ ಫೋನು ಮಾಡುತ್ತೇನೆ ಎಂದುಕೊಂಡಳು. ಗಾಜಿನಿಂದ ಕೆಂಪು ಸರಿದುಹೋಯಿತು. ಕಾರು ಹೊರಟ ಸದ್ದು ಕೇಳಿಸಿತು. ಎತ್ತಿಡಲು ಎರಡು ನಿಮಿಷ ಸಾಲಲಿಲ್ಲ. ಆ ಪುಡಿ ಒರೆಸಿದಷ್ಟೂ ಹರಡುತ್ತಿತ್ತು. ಒದ್ದೆ ಬಟ್ಟೆ ತಂದಳು, ಅಂಟುಪಟ್ಟಿ ತಂದಳು, ಕೊನೆಗೆ ನೆಲದ ಧೂಳು ಹೀರುವ ಯಂತ್ರ ಹಾಕಿದಳು. ಮುಕ್ಕಾಲು ಗಂಟೆಯ ಮೇಲೆ ಫೋನು ಮಾಡಿದಾಗ ಅತ್ತ ಕಡೆ ಯಾರೂ ಎತ್ತಲಿಲ್ಲ. ಏವಿಸ್ ಬಂದದ್ದು ಯಾತಕ್ಕೆಂದು ತಿಳಿದದ್ದು ಸಂಸ್ಕಾರದ ದಿನ, ಎಲ್ಲರಿಗೂ ತಿಳಿದಾಗಲೇ. "ಔಷಧಿ ಮುಗಿದಿತ್ತು," ಎಂದು ಏವಿಸ್ ಬಂದಬಂದವರಿಗೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದಳು, "ಅಂಗಡಿಗೆ ಹೋಗಿ ಬರೋಕೆ ಅರ್ಧ ಗಂಟೆ. ಯಾರಾದ್ರೂ ಪಕ್ಕದಲ್ಲಿ ಕೂತಿರಲಿ ಅಂದ್ಕೊಂಡೆ, ಯಾರೂ ಸಿಗಲಿಲ್ಲ. ವಾಪಸ್ ಬರೋದ್ರೊಳಗೆ ಹೋಗ್ಬಿಟ್ಟಿದ್ದ. ಒಬ್ಬನೇ." ನೋಲಾಳ ಕೈಯಲ್ಲಿ ಸ್ಯಾಂಡ್‌ವಿಚ್ಚಿನ ತಟ್ಟೆಯಿತ್ತು. ಆ ತಟ್ಟೆಯನ್ನು ಮುಂದೆ ಹಿಡಿದು, "ಒಂದು ತಗೋ" ಎಂದಳು. ಅಷ್ಟೇ ಅವಳ ಬಾಯಿಂದ ಬಂದದ್ದು. ಏವಿಸ್ ಒಂದು ತೆಗೆದುಕೊಂಡಳು ಕೂಡ.

ಅಂಗಡಿಯ ಕಾರ್ಡು ಕಳಿಸಿದರೆ ಸಾಲದು ಎಂದು ಅವತ್ತೇ ತೀರ್ಮಾನವಾಯಿತು. ಸಂಘದ ರಬ್ಬರಿನ ಅಚ್ಚು ಒತ್ತಿ ಕಳಿಸುವುದೂ ಆಗದು. ಇದು ಕೈಯಾರೆ ಮಾಡಿದ್ದಾಗಿರಬೇಕು, ಈವರೆಗೆ ಮಾಡದಂಥದ್ದಾಗಿರಬೇಕು, ಬಿಚ್ಚುವಾಗಲೇ ಏವಿಸ್‌ಗೆ ಇವಳು ನನಗಾಗಿ ಎಷ್ಟು ಪಾಡುಪಟ್ಟಿದ್ದಾಳೆ ಎಂದು ಗೊತ್ತಾಗಬೇಕು. ಆಮೇಲೆ ಆ ಮೂರು ಸಾಲು ಓದಲಿ. ಹಾಗೆಂದು ಮೊದಲು ಮಂಜು ಹಾಳೆ ಕೊಂಡಳು. ಮಂಜು ಹಾಳೆಗೆ ಅಂಟು ಹಚ್ಚಿದರೆ ಹಿಂದಿನಿಂದ ಕಲೆ ಕಾಣುತ್ತಿತ್ತು. ಕಲೆ ಮುಚ್ಚಲು ಎಲೆ ಕೊಂಡಳು. ಎಲೆಯ ಭಾರಕ್ಕೆ ಕಾಗದ ಬಾಗಿತು. ದಪ್ಪ ಕಾಗದ ಕೊಂಡಳು. ದಪ್ಪ ಕಾಗದ ಮಡಚಿದರೆ ಬಿರುಕುಬಿಟ್ಟಿತು. ಬಿರುಕಿನ ಮೇಲೆ ರಿಬ್ಬನ್ನು ಬಂತು. ಆ ಮೂರು ಸಾಲುಗಳು ಮಾತ್ರ ದಿನಸಿ ಚೀಟಿಯ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಹಾಗೇ ಫ್ರಿಜ್ಜಿನ ಮೇಲಿದ್ದವು. ಆ ಚೀಟಿಯನ್ನೇ ಲಕೋಟೆಗೆ ಹಾಕಿ ಕೊಟ್ಟುಬಿಡಬಹುದಲ್ಲ ಎಂದು ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಹೊಳೆಯಿತು. ಎಷ್ಟು ಸುಲಭವಾಗಿ ಹೊಳೆಯಿತೆಂದರೆ ಹೆದರಿಕೆಯಾಗಿ, ಅಂದೇ ಅರಗಿಗೆ ಆರ್ಡರು ಕೊಟ್ಟಳು.

ನಿನ್ನೆ, ಬುಧವಾರ, ಕಾರ್ಡು ಕೊನೆಗೂ ಮುಗಿದು, ಅದನ್ನು ಅಂಚೆ ಕಚೇರಿಗೆ ಒಯ್ದಿದ್ದಳು. ಕೈಯಲ್ಲಿ ಕೊಡಲು ಧೈರ್ಯವಿಲ್ಲದವಳಿಗೆ ಅಂಚೆ ಎಷ್ಟು ದೊಡ್ಡ ಉಪಕಾರ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಕೌಂಟರಿನ ಹೆಂಗಸು ಲಕೋಟೆಯನ್ನು ಕೈಯಲ್ಲಿ ತೂಗಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೊರೆದ ಸಂದಿಯೊಳಗೆ ತೂರಿಸಲು ನೋಡಿದಳು. ಪತ್ರವೆಂದು ಕರೆಸಿಕೊಳ್ಳಬೇಕಾದರೆ ಆ ಸಂದಿಯಲ್ಲಿ ತೂರಬೇಕು. ಎಲೆಗಳ ಹತ್ತಿರ ಬಂದು ಸಿಕ್ಕಿಕೊಂಡಿತು. ಆಕೆ ತಿರುಗಿಸಿ ನೋಡಿದಳು, ಈ ಸಲ ಅರಗು ತಡೆಯಿತು.

"ಏನಿದೆ ಇದರೊಳಗೆ, ಮದುವೆ ಕಾರ್ಡಾ?"

"ಅಲ್ಲ. ಸಂತಾಪದ್ದು."

"ಓ. ಸಾರಿ. ಇದು ಪತ್ರ ಅಂತ ಹೋಗಲ್ಲ ನೋಡಿ, ಪಾರ್ಸೆಲ್ ಮಾಡ್ಬೇಕು. ಅಡಿಲೇಡಿಗೆ ಹೋಗಿ ಬರುತ್ತೆ, ಸೋಮವಾರ ತಲುಪಬಹುದು." ಆಮೇಲೆ ವಿಳಾಸ ಓದಿ, ತಲೆಯೆತ್ತಿ ಕೇಳಿದಳು, "ಏವಿಸ್ ಮನೆಗಾ? ಅದು ನಿಮ್ಮನೆಯಿಂದ ನಾಲ್ಕೇ ಬೀದಿ ಅಲ್ವೇನ್ರೀ?"

ಹಿಂದೆ ಸಾಲಿನಲ್ಲಿದ್ದವರು ಕೇಳಿಸಿಕೊಂಡರು. ನೋಲಾ ಲಕೋಟೆಯನ್ನು ವಾಪಸ್ಸು ಪಡೆದು, ಏನೋ ಮರೆತವಳ ಹಾಗೆ ಚೀಲದೊಳಗೆ ಕೈಯಾಡಿಸುತ್ತ ಹೊರಗೆ ಬಂದಳು. ಅಲ್ಲಿಂದ ನೇರ ಏವಿಸ್‌ಳ ಬೀದಿಗೇ ಕಾರು ತಿರುಗಿಸಿದಳು. ಅವಳ ಮನೆಯ ಅಂಚೆ ಡಬ್ಬಿಯ ಬಾಯಿಯಲ್ಲಾದರೂ ಹಾಕಿಬರೋಣ ಎಂದರೆ ಆ ಬಾಯಿಯೂ ಅಂಚೆ ಕಚೇರಿಯ ಸಂದಿಯಷ್ಟೇ ಇತ್ತು. ಬಾಗಿಲವರೆಗೆ ಹೋಗಿ ತಟ್ಟಬೇಕು, ಇಲ್ಲದಿದ್ದರೆ ಮನೆಗೆ ಹೋಗಬೇಕು. ಮನೆಗೆ ಹೋದಳು.

ಈಗ ಹತ್ತಕ್ಕೆ ಐದು ನಿಮಿಷ. ಕಾರ್ಡನ್ನು ಮತ್ತೆ ಲಕೋಟೆಗೆ ಸೇರಿಸಿ, ಐಸ್‌ಕ್ರೀಮಿನ ಖಾಲಿ ಡಬ್ಬದಲ್ಲಿಟ್ಟು, ಡಬ್ಬವನ್ನು ಕಾರಿನ ಪಕ್ಕದ ಸೀಟಿನಲ್ಲಿಟ್ಟು, ಬಿಸಿಲು ತಾಗದಂತೆ ಮೇಲೊಂದು ಟವೆಲು ಹೊದಿಸಿದ್ದಳು. ಚರ್ಚಿನ ಹಿಂದಿನ ಸಭಾಂಗಣದಲ್ಲಿ ಎರಡು ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಕಾಗದಗಳು ಹಾರದಂತೆ ಗ್ವೆಂಡಾ ಎಲ್ಲದರ ಮೇಲೂ ಒಂದೊಂದು ಚಹಾ ಲೋಟ ಹೇರಿದ್ದಳು. ಏವಿಸ್ ಹತ್ತೂ ಕಾಲಿಗೆ ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು, ಮುಂಗೈಯಲ್ಲಿ ಮರ್ವ್‌ನ ದೊಡ್ಡ ಗಡಿಯಾರ ಮೊಳಕೈವರೆಗೆ ಜಾರುತ್ತಿತ್ತು, ಕೈಯಲ್ಲಿ ಒಂದು ತಟ್ಟೆ ತುಂಬ ಮಾಂಸ-ಆಲೂಗಡ್ಡೆ ತುಂಬಿದ ಪುಟ್ಟ ಪೇಸ್ಟಿಗಳು. ನಾವೆಲ್ಲ ಒಂದೇ ಸಲ ಅವಳತ್ತ ನೋಡಿ, ಒಂದೇ ಸಲ ಕೆಳಗೆ ನೋಡಿದೆವು.

"ಹಾಗೆ ನೋಡ್ಬೇಡ್ರೇ," ಎಂದಳು ಏವಿಸ್, ತಟ್ಟೆ ಇಡುತ್ತ. "ಸತ್ತಿದ್ದು ಅವನು, ನಾನಲ್ಲ."

ನಾವು ಅಗತ್ಯಕ್ಕಿಂತ ಹೆಚ್ಚು ನಕ್ಕೆವು. ಗ್ವೆಂಡಾ ಕುರ್ಚಿ ಎಳೆದಳು. ಅದು ನೋಲಾಳ ಎದುರಿನ ಕುರ್ಚಿ, ಯಾವಾಗಲೂ ಏವಿಸ್‌ದೇ.

"ನಿಮ್ಮ ಕಾರ್ಡುಗಳೆಲ್ಲ ಬಂದ್ವು. ಕಪಾಟಿನ ಮೇಲೆ ಸಾಲಾಗಿ ಇಟ್ಟಿದೀನಿ. ಎಂಟರಲ್ಲೂ ಒಂದೇ ಅಚ್ಚು, ಆ ಲಿಲ್ಲಿ ಹೂವಿಂದು. ಎಂಟಕ್ಕೂ ಅದೇ ಒಂದು ದಳ ಇಲ್ಲ. ಮರ್ವ್ ಇದ್ದಿದ್ರೆ, ಇವರಿಗೆ ಇನ್ನೊಂದು ಹೂ ಕೊಳ್ಳೋ ಯೋಗ್ಯತೆ ಇಲ್ವಾ ಅಂತ ಕೇಳ್ತಿದ್ದ."

"ಇದು ಕೊಳ್ಳದ ವರ್ಷ ಕಣಮ್ಮ," ಎಂದಳು ಗ್ವೆಂಡಾ. "ಸತ್ತೋರು ಸ್ವಲ್ಪ ಹೊಂದ್ಕೋಬೇಕು."

ಏವಿಸ್ ನಿಜವಾಗಿ ನಕ್ಕಳು. ನಗುನಗುತ್ತಲೇ ಎದುರಿಗೆ ತಿರುಗಿ, "ನಿಂದೊಂದೇ ಬರ್ಲಿಲ್ಲ, ನೋಲಾ. ಇವಳೇನೋ ಭಾರಿಯಾಗಿ ಮಾಡ್ತಿದಾಳೆ ಅಂದ್ಕೊಂಡೆ" ಎಂದಳು. ಇದು ತಮಾಷೆಯೋ ಚುಚ್ಚುಮಾತೋ ನೋಲಾಳಿಗೆ ತಿಳಿಯಲಿಲ್ಲ. ಆ ನಗು ಇನ್ನೂ ಮುಖದ ಮೇಲಿರುವಾಗ ಕೊಟ್ಟುಬಿಡಬೇಕು ಎಂದು ಕೈ ತೊಡೆಯ ಮೇಲಿದ್ದ ಡಬ್ಬದ ಮುಚ್ಚಳ ತೆಗೆಯಿತು, ಮನಸ್ಸು ಇನ್ನೂ ಬೇಡ ಬೇಡ ಎನ್ನುತ್ತಿರುವಾಗಲೇ. ಕಾರಿನ ಶಾಖಕ್ಕೆ ಅರಗು ಕರಗಿ ಲಕೋಟೆಗೆ ಅಂಟಿಕೊಂಡಿತ್ತು. ಲಕೋಟೆ ಹರಿದು ಬಂತು. ಕಪ್ಪೆಚಿಪ್ಪುಗಳಲ್ಲಿ ಮೂರು ಡಬ್ಬದ ತಳದಲ್ಲಿ ಉಳಿದವು. ಮೇಜಿನ ಆಚೆ ಕಾರ್ಡನ್ನು ದಾಟಿಸುವಾಗ ಎಲ್ಲರ ಕತ್ತರಿಗಳೂ ನಿಂತವು.

"ದೇವರೇ," ಎಂದಳು ಗ್ವೆಂಡಾ. "ಇದೇನು ಕಾರ್ಡೋ, ಕೇಕೋ?"

"ಸುಮ್ನಿರೇ," ಎಂದಳು ಏವಿಸ್. ಬೆಣ್ಣೆ ಹಚ್ಚುವ ಚಾಕು ತೆಗೆದುಕೊಂಡು ಅರಗನ್ನು ಮೆಲ್ಲಗೆ ಎಬ್ಬಿಸಿದಳು. ಅದು ಒಡೆಯಲಿಲ್ಲ, ಮಿಠಾಯಿಯ ಹಾಗೆ ಎಳೆಎಳೆಯಾಗಿ ಬಂತು.

"ಜೋರಾಗಿ ಓದು," ಎಂದರು ಯಾರೋ. ಕಾರ್ಡುಗಳನ್ನು ಜೋರಾಗಿ ಓದುವುದು ನಮ್ಮಲ್ಲಿ ವಾಡಿಕೆ. ಹನ್ನೊಂದು ವರ್ಷ ಎಲ್ಲರ ಹುಟ್ಟುಹಬ್ಬದ ಕಾರ್ಡನ್ನೂ ಏವಿಸ್ ನಿಂತು, ದನಿ ಏರಿಸಿ ಇಳಿಸಿ ಓದಿದವಳು. ನೋಲಾ ಹನ್ನೊಂದು ವಾರ ಎಲ್ಲವನ್ನೂ ಯೋಚಿಸಿದ್ದಳು, ಇದೊಂದನ್ನು ಬಿಟ್ಟು. ಈಗ ಏವಿಸ್ ಓದುತ್ತಾಳೆ. ಆ ಮಂಗಳವಾರ ನಾನು ಮನೆಯಲ್ಲೇ ಇದ್ದೆ. ಗ್ವೆಂಡಾ ಕೇಳುತ್ತಾಳೆ, ಎಲ್ಲರೂ ಕೇಳುತ್ತಾರೆ, ಸಂಜೆಯೊಳಗೆ ಅಂಚೆ ಕಚೇರಿಯವಳು ಕೇಳಿರುತ್ತಾಳೆ. ಎದ್ದು ಮೇಜಿನ ಮೇಲೆ ಬಾಗಿ ಕಾರ್ಡು ಕಿತ್ತುಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಏವಿಸ್ ಕಾರ್ಡಿನ ಅಂಚಿಗೆ ಹೆಬ್ಬೆರಳು ತೂರಿಸಿ ತೆರೆದಳು. ಏನೋ ಬಿಡಿಸಿಕೊಂಡ ಹಾಗೆ ಸಣ್ಣಗೆ ಚರ್ರೆಂದಿತು.

ಒಳಗೆ ಅಕ್ಷರಗಳಿರಲಿಲ್ಲ. ಮಂಜು ಹಾಳೆಯ ತುಂಬ, ಎದುರಿನ ಪುಟದ ತುಂಬ, ಬಂಗಾರದ ಕೊಳೆ. ಬಸವನಹುಳುಗಳು ಓಡಾಡಿದಂತೆ ಮೂರು ಅಡ್ಡಗೆರೆ, ಅಷ್ಟೇ. ಏವಿಸ್‌ಳ ಹೆಬ್ಬೆರಳು, ತೋರುಬೆರಳು, ಮರ್ವ್‌ನ ಗಡಿಯಾರದ ಪಟ್ಟಿ ಎಲ್ಲದಕ್ಕೂ ಬಂಗಾರ ಮೆತ್ತಿತ್ತು.

"ಈ ಹಾಳೆ ಮೇಲೆ ಆ ಶಾಯೀಲಿ ಬರೆದ್ಯಾ?" ಗ್ವೆಂಡಾ ಬಾಗಿ ನೋಡಿದಳು. "ಒಣಗಲ್ಲ ಕಣೇ ಅದು. ಕಾಗದ ಕುಡಿಯುತ್ತೆ, ಇದು ಕುಡಿಯಲ್ಲ. ವರ್ಷ ಬಿಟ್ಟರೂ ಹಸಿಯಾಗೇ ಇರುತ್ತೆ. ಮೇಲೆ ಪುಡಿ ಉದುರಿಸಿ ಬಿಸಿಗಾಳಿ ಊದ್ಬೇಕು. ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ."

ಪೆಟ್ಟಿಗೆಯಲ್ಲಿದ್ದ ಬಂದೂಕು ಯಾತಕ್ಕೆಂದು ನೋಲಾಳಿಗೆ ಆಗ ತಿಳಿಯಿತು. ಬದುಕಿಕೊಂಡೆ ಎನ್ನಿಸಿತು, ಅದರ ಬೆನ್ನಿಗೇ ಅಳಬೇಕೆನ್ನುವಷ್ಟು ಸಿಟ್ಟು ಬಂತು. ಇಪ್ಪತ್ತು ಚೀಟಿಗಳಲ್ಲಿ ಅಭ್ಯಾಸ ಮಾಡಿ, ಉಸಿರು ಹಿಡಿದು, ಒಂದೊಂದು ಅಕ್ಷರವನ್ನೂ ಮೆಲ್ಲಗೆ ಎಳೆದು ಬರೆದದ್ದು.

"ಏನು ಬರ್ದಿದ್ದೆ?" ಏವಿಸ್ ಕೇಳಿದಳು.

ಎಂಟು ಮುಖಗಳು.

"ನಿನ್ನ ನೆನಪಲ್ಲಿ ಇದೀನಿ, ಅಂತ," ಎಂದಳು ನೋಲಾ.

"ಚೆನ್ನಾಗಿದೆ," ಎಂದು ಏವಿಸ್ ಕಾರ್ಡನ್ನು ಮುಚ್ಚಿ, ಕೈ ತೊಳೆಯಲು ಸಭಾಂಗಣದ ಅಡುಗೆಕೋಣೆಗೆ ಎದ್ದುಹೋದಳು. ಗ್ವೆಂಡಾ ಕ್ರಿಸ್‌ಮಸ್ ಕಾರ್ಡಿನ ಅಳತೆ ಹೇಳಲು ಶುರುಮಾಡಿದಳು. ನೋಲಾ ಅಳತೆಪಟ್ಟಿ ಹಿಡಿದು ಒಂದು ಗೆರೆ ಎಳೆದಳು. ಗೆರೆ ಸೊಟ್ಟಗೆ ಬಂತು. ಆಮೇಲೆ, ಅವಳು ನನಗೆ ಹೇಳಿದ ಪ್ರಕಾರ, ಏಳಬೇಕೆಂದು ಅಂದುಕೊಳ್ಳದೆಯೇ ಎದ್ದಿದ್ದಳು.

ಏವಿಸ್ ನಲ್ಲಿಯ ಕೆಳಗೆ ಹೆಬ್ಬೆರಳು ಹಿಡಿದು ತಿಕ್ಕುತ್ತಿದ್ದಳು. "ಹೋಗಲ್ವಲ್ಲೇ ಇದು."

"ಎಣ್ಣೆ ಹಚ್ಚಿ ಒರೆಸ್ಬೇಕು."

"ಅನುಭವವೋ?"

"ಮೂರು ಸಲ."

ಏವಿಸ್ ಮೂಗಿನಲ್ಲೇ ನಕ್ಕು, ತಲೆಯ ಮೇಲಿನ ಗೂಡಿನಿಂದ ಎಣ್ಣೆಯ ಶೀಶೆ ತೆಗೆದಳು. ನೋಲಾ ಬಾಗಿಲನ್ನು ಹಿಂದಕ್ಕೆ ತಳ್ಳಿ ಅದಕ್ಕೆ ಒರಗಿ ನಿಂತಳು.

"ಅದ್ರಲ್ಲಿ ಬೇರೆ ಬರ್ದಿದ್ದೆ."

"ಗೊತ್ತು. ನಿನ್ನ ನೆನಪಲ್ಲಿ ಅನ್ನೋಕೆ ಮೂರು ಸಾಲು ಬೇಕಾಗಲ್ಲ."

"ನಾನು ಅವತ್ತು ಮನೇಲೇ ಇದ್ದೆ, ಏವಿಸ್."

"ಯಾವತ್ತು?"

ಈ ಪ್ರಶ್ನೆಗೆ ಅವಳು ಸಿದ್ಧಳಾಗಿರಲಿಲ್ಲ. ಆ ದಿನಕ್ಕೆ ಹೆಸರು ಬೇಕಾಗಬಹುದೆಂದು, ಅದು ಬೇರೆಯವರಿಗೂ ಅವತ್ತು ಎಂದರೆ ಅವತ್ತೇ ಆಗಿರದೆ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. "ಮಂಗಳವಾರ. ನೀನು ಬಂದು ಬಾಗಿಲು ತಟ್ಟಿದೆ. ಔಷಧಿಗೆ ಹೋಗೋ ಮುಂಚೆ."

ಏವಿಸ್ ನಲ್ಲಿ ನಿಲ್ಲಿಸಿದಳು. "ಅವತ್ತು ನಾನು ಬಹಳ ಬಾಗಿಲು ತಟ್ಟಿದೆ, ನೋಲಾ."

ಸಭಾಂಗಣದಿಂದ ಕತ್ತರಿಗಳ ಸದ್ದು ಬರುತ್ತಿತ್ತು, ಗ್ವೆಂಡಾ ಯಾರನ್ನೋ ಗದರುತ್ತಿದ್ದಳು. ಏವಿಸ್ ಎಣ್ಣೆಯನ್ನು ಹೆಬ್ಬೆರಳಿಗೆ ಸವರಿ, ಉಗುರಿನ ಸುತ್ತ ನಿಧಾನವಾಗಿ ತಿಕ್ಕಿದಳು. "ನೀನು ಒಳಗಿದೀಯ ಅಂತ ಅನ್ನಿಸಿತ್ತು. ಕಾರು ಹೊರಗೇ ಇತ್ತಲ್ಲ. ಅವನನ್ನ ಆ ಸ್ಥಿತೀಲಿ ನೋಡೋಕೆ ಇವಳ ಕೈಲಾಗಲ್ಲ ಅಂದ್ಕೊಂಡೆ. ಕೊನೇಲಿ ಅವನನ್ನ ನೋಡೋಕೆ ಆಗ್ತಿರ್ಲಿಲ್ಲ ಕಣೇ, ನನಗೇ ಆಗ್ತಿರ್ಲಿಲ್ಲ. ಹೋದ ವರ್ಷ ಕಡಲ ಜೆಟ್ಟಿ ಮೇಲೆ ನಿನ್ನ ಜೊತೆ ಏಡಿ ಹಿಡೀತಿದ್ದ ಮನುಷ್ಯ. ಅದಕ್ಕೆ ಯಾರ ಮೇಲೂ ನಂಗೆ ಸಿಟ್ಟಿಲ್ಲ. ಮನಸ್ಸಿಗೆ ಹಚ್ಕೋಬೇಡ."

ನೋಲಾ ಹೇಳಿದಳು, ಆ ಕ್ಷಣದಲ್ಲಿ ಸುಮ್ಮನೆ ತಲೆಯಾಡಿಸಿದ್ದರೆ ಸಾಕಾಗಿತ್ತು ಎಂದು. ಹನ್ನೊಂದು ವಾರ ಕಾದದ್ದು ಕೈಗೆ ಬಂದಿತ್ತು, ತಾನು ಕೇಳುವುದಕ್ಕಿಂತ ಚೆನ್ನಾದ ರೂಪದಲ್ಲಿ. ಮರ್ವ್‌ನ ಮೇಲಿನ ಪ್ರೀತಿಗೆ ಅವನ ನೋವು ನೋಡಲಾರದೆ ಹೋದವಳು: ಅಂಥವಳಾಗಿ ಈ ಬಾಗಿಲಿನಿಂದ ಹೊರಗೆ ಹೋಗಬಹುದಾಗಿತ್ತು. ಏವಿಸ್ ಅವಳಿಗೆ ಅದನ್ನು ಹೊಲಿದು, ಇಸ್ತ್ರಿ ಮಾಡಿ ಕೊಟ್ಟಿದ್ದಳು. ತೊಟ್ಟುಕೊಳ್ಳುವುದೊಂದೇ ಬಾಕಿ.

"ಅದಲ್ಲ," ಎಂದಳು.

"ಏನದಲ್ಲ?"

"ಅದಕ್ಕಲ್ಲ ನಾನು ಬಾಗಿಲು ತೆಗೀದೆ ಇದ್ದಿದ್ದು. ಮರ್ವ್ ನೆನಪೇ ಬರ್ಲಿಲ್ಲ ನಂಗೆ. ಪಾರ್ಸೆಲ್ ಬಿಚ್ಚಿದ್ದೆ. ನೆಲದ ತುಂಬ ಹರಡಿತ್ತು. ನೀನು ನೋಡ್ಬಿಡ್ತೀಯ ಅಂತ."

"ಏನು ಪಾರ್ಸೆಲ್?"

"ಮಿನುಗುಪುಡಿ. ರಿಬ್ಬನ್ನು. ಕೊಳ್ಳಲ್ಲ ಅಂತ ನಿನ್ನ ಜೊತೆ ಸಹಿ ಹಾಕಿದ್ನಲ್ಲ, ಜನವರೀಲಿ."

ಏವಿಸ್ ತಿರುಗಿ ನೋಡಲಿಲ್ಲ. ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಗಾಯವಾದ ಬೆರಳನ್ನು ಹಿಡಿದುಕೊಳ್ಳುವ ಹಾಗೆ.

"ಅದಕ್ಕಾ?" ಎಂದಳು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ ಎಂದು ನೋಲಾ ಹೇಳುತ್ತಾಳೆ, ಇದ್ದಿದ್ದರೆ ಒಳ್ಳೆಯದಿತ್ತು ಎಂದೂ. ತಪ್ಪು ಲೆಕ್ಕ ತೋರಿಸಿದ ಮಗುವನ್ನು ನಿಜಕ್ಕೂ ಅರ್ಥವಾಗದೆ ಕೇಳುವಂಥ ದನಿ. ನೋಲಾ ಹೌದು ಎಂದಳು. ಏವಿಸ್ ಟವೆಲು ತೆಗೆದುಕೊಂಡು ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ಒರೆಸಿದಳು, ಗಡಿಯಾರದ ಪಟ್ಟಿಯನ್ನು ಒರೆಸಿದಳು, ಟವೆಲನ್ನು ಸರಳಿನ ಮೇಲೆ ಹರವಿ ಎರಡೂ ಅಂಚು ಸಮ ಮಾಡಿದಳು. ನೋಲಾ ಬಾಗಿಲಿನಿಂದ ಸರಿದು ನಿಂತಳು. ಏವಿಸ್ ಹೋದಳು. "ಆ ಕತ್ತರಿ ಇತ್ತ ಕೊಡೇ, ಗ್ವೆಂಡಾ" ಎಂದು ಅವಳು ಹೇಳಿದ್ದು ನಮ್ಮೆಲ್ಲರಿಗೂ ಕೇಳಿಸಿತು, ಅಡುಗೆಕೋಣೆಯೊಳಗೆ ಒಬ್ಬಳೇ ನಿಂತಿದ್ದ ನೋಲಾಳಿಗೂ.

ಏವಿಸ್ ಈಗಲೂ ಗುರುವಾರ ತಪ್ಪದೆ ಬರುತ್ತಾಳೆ, ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ನೋಲಾಳ ಜೊತೆ ಮಾತಾಡುತ್ತಾಳೆ, ಅಂಟು ಕೇಳುತ್ತಾಳೆ, ಅಳತೆ ಕೇಳುತ್ತಾಳೆ. ಏನಾದರೂ ಕೊಂಡೆಯಾ ಎಂದು ಮಾತ್ರ ಕೇಳುವುದಿಲ್ಲ. ಆ ಕಾರ್ಡನ್ನು ಅವತ್ತು ಚೀಲಕ್ಕೆ ಹಾಕಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ. ಕಪಾಟಿನ ಮೇಲೆ ಎಂಟು ಲಿಲ್ಲಿಗಳ ಪಕ್ಕ ಇಟ್ಟಳೋ, ಕಸಕ್ಕೆ ಹಾಕಿದಳೋ ತಿಳಿಯದು. ಅವಳು ಕ್ಷಮಿಸಿದ್ದಾಳೆಯೇ ಎಂದು ನೋಲಾ ನನ್ನನ್ನು ಕೇಳುತ್ತಾಳೆ, ಆ ಮಾತನ್ನು ಏವಿಸ್ ಎತ್ತಿಲ್ಲ. ಬಹಳ ಬಾಗಿಲು ಎಂದರೆ ಎಷ್ಟು, ಯಾವುದು ಯಾವುದು ಎಂದೂ ಏವಿಸ್ ಹೇಳಿಲ್ಲ. ನಮ್ಮಲ್ಲಿ ಆರು ಮಂದಿಯ ಮನೆಗಳು ಆ ನಾಲ್ಕು ಬೀದಿಗಳಲ್ಲೇ ಇವೆ, ನನ್ನದೂ ಸೇರಿ. ಯಾರೂ ಯಾರನ್ನೂ ಕೇಳಿಲ್ಲ. ಆ ಮಂಗಳವಾರ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿ ನೋಡಿದ್ದೇನೆ. ನನಗೆ ನೆನಪಿಲ್ಲ.